ಸೋಮವಾರದ ಗ್ಲೂಕೋಸ್ ಬಾಟಲಿ

ಶಿಕಾರಿಪುರದ ಬಸ್ ನಿಲ್ದಾಣದ ಹತ್ತಿರದ ಒಂದು ಔಷಧಿ ಅಂಗಡಿಯಲ್ಲಿ ನಾನು ಹನ್ನೆರಡು ವರ್ಷ ನಿಂತಿದ್ದೇನೆ. ಕೆಲಸ ಮಾಡಿದ್ದೇನೆ ಎನ್ನುವುದಕ್ಕಿಂತ ನಿಂತಿದ್ದೇನೆ ಎನ್ನುವುದೇ ಸರಿ. ಬೆಳಿಗ್ಗೆ ಷಟರ್ ಎತ್ತಿದಾಗ ಊರಿದ ಕಾಲು ಅಂಗಡಿ ಮುಚ್ಚುವ ತನಕ ಊರಿಯೇ ಇರುತ್ತಿತ್ತು. ಅಂಗಡಿಯ ಯಜಮಾನರು ಫಾರ್ಮಸಿ ಓದಿದವರು. ಅವರ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ನನ್ನದು ಏಳನೇ ತರಗತಿ. ಅದೂ ಸೊರಬ ತಾಲೂಕಿನಲ್ಲಿ, ಉಳವಿಯ ಹತ್ತಿರದ ನಮ್ಮೂರ ಶಾಲೆಯಲ್ಲಿ, ಪರೀಕ್ಷೆಗೆ ಮೊದಲೇ ಬಿಟ್ಟದ್ದು. ಕಾನೂನಿನ ಪ್ರಕಾರ ಔಷಧಿ ಕೊಡುವವರು ಅವರು, ಕಪಾಟಿನಿಂದ ತೆಗೆದುಕೊಡುವವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಸ್ವಲ್ಪ ಜಂಬ ಕೊಚ್ಚುವವನಿದ್ದೇನೆ.

ಸೇರಿದ ಮೊದಲ ವರ್ಷ ಡಬ್ಬಿಗಳನ್ನು ಬಣ್ಣ ನೋಡಿ ಗುರುತಿಸುತ್ತಿದ್ದೆ. ಎರಡನೇ ವರ್ಷಕ್ಕೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದು ಬಂತು. ಮೂರನೇ ವರ್ಷಕ್ಕೆ ಯಾವ ಗುಳಿಗೆ ಯಾವುದಕ್ಕೆ, ಯಾವುದನ್ನು ಊಟಕ್ಕೆ ಮೊದಲು ನುಂಗಬೇಕು, ಯಾವುದನ್ನು ಅರ್ಧಕ್ಕೆ ಬಿಡಬಾರದು ಎಲ್ಲ ಬಾಯಿಪಾಠ. ಯಜಮಾನರು ಹೇಳಿಕೊಟ್ಟರು ಎನ್ನುವುದಕ್ಕಿಂತ ಬೈದು ಕಲಿಸಿದರು.

ಅವರ ವ್ಯಾಪಾರವೇ ಬೇರೆ ತರಹ. ಯಾರಾದರೂ ಬಂದು, “ಮೈಯಾಗ ಶಕ್ತಿ ಇಲ್ರಿ, ಒಂದು ಟಾನಿಕ್ ಕೊಡ್ರಿ” ಅಂದರೆ, ಇವರು “ಬೆಳಿಗ್ಗೆ ಏನು ತಿಂದ್ರಿ?” ಎಂದು ಕೇಳುವರು. ಗಿರಾಕಿಗೆ ಸಿಟ್ಟು ಬರುತ್ತಿತ್ತು. “ಟಾನಿಕ್ ಕೇಳಿದ್ರ ತಿಂಡಿ ವಿಚಾರಸ್ತಾರಲ್ರಿ ಇವ್ರು! ಅಂಗಡಿ ಇಟ್ಟಾರೋ ಹೋಟ್ಲು ಇಟ್ಟಾರೋ?” ಯಜಮಾನರು ನಗುತ್ತಿರಲಿಲ್ಲ. ಆ ದುಡ್ಡಿಗೆ ಹೆಸರುಕಾಳು, ಬೆಲ್ಲ, ಶೇಂಗಾ ಎಷ್ಟು ಬರುತ್ತದೆ ಎಂದು ಹೇಳಿ ಬರಿಗೈಯಲ್ಲಿ ಕಳಿಸುತ್ತಿದ್ದರು. ದುಬಾರಿ ಗುಳಿಗೆ ಬರೆದ ಚೀಟಿ ಹಿಡಿದು ಕೂಲಿಯವರು ಬಂದು ‘ಎರಡೇ ದಿನದ್ದು ಕೊಡಿ’ ಅಂದರೆ ನನ್ನನ್ನು ಡಾಕ್ಟರ ಹತ್ತಿರ ಓಡಿಸುತ್ತಿದ್ದರು. ಅದೇ ಔಷಧಿ ಬೇರೆ ಕಂಪನಿಯದು ಕಡಿಮೆಗೆ ಇದೆ, ಕೊಡಬಹುದೇ ಎಂದು ಬರೆದು ಕೇಳುವುದು. ಡಾಕ್ಟರು ಆಗಲಿ ಅಂದರೆ ಐದು ದಿನದ ಗುಳಿಗೆಯೂ ಆ ಎರಡು ದಿನದ ದುಡ್ಡಿನೊಳಗೇ ಬರುತ್ತಿತ್ತು. ಹೀಗೆ ಮಾರದೆ ಕಳಿಸಿದ ಟಾನಿಕ್ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದ್ದರೆ ನಮ್ಮ ಅಂಗಡಿಯಿಂದ ಬಸ್ ನಿಲ್ದಾಣದ ಗೇಟಿನ ತನಕ ಬರುತ್ತಿದ್ದವು. ಆ ಸಾಲಿನಲ್ಲಿ ನನ್ನ ಪಾಲೂ ಇದೆ.

ನನ್ನದೇ ಆದ ಒಂದು ಕೆಲಸವೂ ಇತ್ತು, ಅದು ಚಿತ್ರ ಬರೆಯುವುದು. ನಮ್ಮಲ್ಲಿಗೆ ಬರುವ ವಯಸ್ಸಾದವರಲ್ಲಿ ಓದು ಬಾರದವರೇ ಹೆಚ್ಚು. ಅವರಿಗಾಗಿ ಗುಳಿಗೆ ಹಾಕಿಕೊಡುವ ಕಾಗದದ ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯುತ್ತಿದ್ದೆ. ಬೆಳಗಿಗೆ ಗೆರೆಯ ಮೇಲೆ ಅರ್ಧ ಸೂರ್ಯ, ಮಧ್ಯಾಹ್ನಕ್ಕೆ ಇಡೀ ಸೂರ್ಯ, ರಾತ್ರಿಗೆ ಚಂದ್ರ. ಊಟಕ್ಕೆ ಮೊದಲಾದರೆ ಗುಳಿಗೆ ಮೇಲೆ, ಊಟದ ತಟ್ಟೆ ಕೆಳಗೆ. ಊಟದ ನಂತರವಾದರೆ ತಟ್ಟೆ ಮೇಲೆ, ಗುಳಿಗೆ ಕೆಳಗೆ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ‘ಸೂರ್ಯನ ಬರೆಯೋ ತಮ್ಮ’ ಎಂದೇ ಜನ ನನ್ನನ್ನು ಗುರುತಿಸುತ್ತಿದ್ದರು. ಯಜಮಾನರು ಎದುರಿಗಿದ್ದರೂ ಬಂದವರು ‘ನೀವು ಬ್ಯಾಡ್ರಿ, ಸೂರ್ಯನ ತಮ್ಮ ಅದಾನೇನು?’ ಎಂದು ಕೇಳಿದಾಗ ನನ್ನ ಎದೆ ಎರಡು ಅಂಗುಲ ಅಗಲವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ತೊಂಬತ್ತರ ದಶಕದ ನಡುವಿನ ಮಾತು. ಒಂದು ಸೋಮವಾರ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಅಂಜನಾಪುರದ ಕಡೆಯ ಒಬ್ಬ ರೈತ ಏದುಸಿರು ಬಿಡುತ್ತ ಅಂಗಡಿಗೆ ಬಂದ. ಕೈಯಲ್ಲಿ ನಮ್ಮ ಎದುರುಗಡೆಯ ಕ್ಲಿನಿಕ್ಕಿನ ಚೀಟಿ. ಗ್ಲೂಕೋಸ್ ಬಾಟಲಿ ಒಂದು, ಅದನ್ನು ಹಾಕುವ ನಳಿಗೆ ಒಂದು.

“ಲಗೂನ ಕೊಡ್ರಿ. ನಮ್ಮವ್ವ ಮತ್ತೆ ಬಿದ್ದಾಳ.”

ನಾಲ್ಕು ವಾರದಲ್ಲಿ ಅವನು ಹಾಗೆ ಓಡಿ ಬಂದದ್ದು ಅದು ಮೂರನೇ ಸಲ, ಮೂರೂ ಸಲ ಸೋಮವಾರವೇ. ಅವನ ತಾಯಿಗೆ ಎಪ್ಪತ್ತರ ಹತ್ತಿರ. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಏನೇನೋ ತೊದಲುತ್ತ ಕುಸಿಯುತ್ತಾಳೆ. ಗಾಡಿ ಕಟ್ಟಿಯೋ ಟೆಂಪೋ ನಿಲ್ಲಿಸಿಯೋ ಕರೆತರುತ್ತಾರೆ. ಬಾಟಲಿ ಹಾಕಿದರೆ ಅರ್ಧ ಇಳಿಯುವಷ್ಟರಲ್ಲಿ ಎದ್ದು ಕೂತು ‘ಎಮ್ಮಿ ಹಾಲು ಹಿಂಡಿದ್ರೇನು?’ ಎಂದು ಕೇಳುತ್ತಾಳೆ. ಹಾಗಾಗಿ ಮನೆಯವರಿಗೆ ಬಾಟಲಿಯ ಮೇಲೆ ದೇವರಷ್ಟು ನಂಬಿಕೆ.

“ಈ ಸಲ ಸಾಕಾತಪ್ಪ,” ಎಂದ ಮಗ, ನಾನು ಬಾಟಲಿ ತೆಗೆಯುತ್ತಿರುವಾಗ. “ಇದು ಹಾರ್ಟಿಂದೇ ಅಂತಾರ ಎಲ್ಲಾರೂ. ಎರಡೂ ಎಮ್ಮಿ ಮಾರಾಕ ಮಾತಾಗೇತಿ. ಮುಂದಿನ ವಾರ ಮಂಗಳವಾರ ದಲ್ಲಾಳಿ ಬಂದು ಹೊಡಕೊಂಡು ಹೋಗ್ತಾನ. ಬುಧವಾರ ಅವ್ವನ್ನ ಘಟ್ಟದ ಕೆಳಗಿನ ದೊಡ್ಡಾಸ್ಪತ್ರಿಗೆ ಕರಕೊಂಡು ಹೋಗೋದು.”

ಆ ಎರಡು ಎಮ್ಮೆಗಳು ಆ ಮನೆಗೆ ಏನು ಎಂದು ನನಗೆ ಗೊತ್ತಿತ್ತು. ಅವುಗಳ ಹಾಲು ದಿನವೂ ಶಿಕಾರಿಪುರದ ಹೋಟೆಲಿಗೆ ಬರುತ್ತಿತ್ತು. ಭತ್ತ ವರ್ಷಕ್ಕೆ ಬಂದಾಗ ಬರುವಂಥದ್ದು, ಮನೆಯ ದಿನದ ಸಂಸಾರ ನಡೆಯುತ್ತಿದ್ದದ್ದು ಆ ಹಾಲಿನಿಂದಲೇ. ಅವನ್ನು ಕರುವಿನಿಂದ ಸಾಕಿದವಳು ಆ ಅಜ್ಜಿಯೇ.

ದುಡ್ಡು ಕೊಡಲು ಅವನು ಸೊಂಟದಿಂದ ಒಂದು ಬಟ್ಟೆಯ ಸಂಚಿ ತೆಗೆದ. ತಾಯಿಯದು, ಎಲೆ ಅಡಿಕೆಯ ಸಂಚಿ. ಗಡಿಬಿಡಿಯಲ್ಲಿ ಅದನ್ನು ಗಲ್ಲೆಯ ಮೇಲೆ ಬೋರಲು ಹಾಕಿದ. ಸುಣ್ಣದ ಡಬ್ಬಿ, ನಾಣ್ಯಗಳು, ಬಾಡಿದ ಎಲೆಯ ಜೊತೆ ಒಂದು ಕಾಗದದ ಕವರು ಬಿತ್ತು. ಅದರ ಮೇಲೆ ಗೆರೆ. ಗೆರೆಯ ಮೇಲೆ ಅರ್ಧ ಸೂರ್ಯ.

ನನ್ನ ಸೂರ್ಯ.

“ಇದು ಯಾರದು?”

“ನಮ್ಮವ್ವಂದು. ಮಂಡಿ ನೋವಿನ ಗುಳಿಗೆ.”

ಅದು ಮಂಡಿ ನೋವಿನ ಗುಳಿಗೆಯಲ್ಲ, ಸಕ್ಕರೆ ಕಾಯಿಲೆಯ ಗುಳಿಗೆ. ತಿಂಗಳಿಗೊಮ್ಮೆ ಒಬ್ಬ ಅಜ್ಜಿ ತಾನೇ ಬಸ್ಸು ಹತ್ತಿ ಬಂದು, ಸೊರಬದ ಡಾಕ್ಟರ ಚೀಟಿಯನ್ನು ಪ್ಲಾಸ್ಟಿಕ್ಕಿನಿಂದ ಬಿಚ್ಚಿ ಕೊಟ್ಟು, ಈ ಗುಳಿಗೆ ಒಯ್ಯುತ್ತಿದ್ದದ್ದು ನನಗೆ ನೆನಪಿತ್ತು. ಅವಳೇ ಇವನ ತಾಯಿ ಎಂದು ನನಗೆ ತಿಳಿದಿರಲಿಲ್ಲ. ಬೀಳುವವಳನ್ನು ನಾನು ಕಂಡಿರಲಿಲ್ಲ. ಅವಳು ಕ್ಲಿನಿಕ್ಕಿನ ಮಂಚದ ಮೇಲೆ ಇರುತ್ತಿದ್ದಳು, ಅಂಗಡಿಗೆ ಬರುತ್ತಿದ್ದವನು ಮಗ.

“ನಿಮ್ಮವ್ವ ಸೋಮವಾರ ಏನಾದ್ರೂ ಹಿಡಿದಾರ?” ಎಂದು ಕೇಳಿದೆ.

“ಹಿಡಿದಾಳಲ್ಲ, ಒಪ್ಪತ್ತು. ಸಂಜಿಗೆ ದೀಪ ಹಚ್ಚಿ, ಪೂಜಿ ಮಾಡಿ ಉಣ್ಣೋದು. ಅಲ್ಲೀತನಕ ಹನಿ ನೀರೂ ಮುಟ್ಟಂಗಿಲ್ಲ. ಮೊದ್ಲು ಬಾಟ್ಲಿ ಕೊಡಪ್ಪ, ಆಮೇಲೆ ಪಂಚಾಯ್ತಿ ಮಾಡು.”

ಬಾಟಲಿ ಕೊಟ್ಟೆ. ಅವನು ಓಡಿದ. ನನ್ನ ಕಾಲು ಮಾತ್ರ ಅಲ್ಲೇ ಹೂತುಹೋಯಿತು. ಆ ಗುಳಿಗೆ ರಕ್ತದಲ್ಲಿನ ಸಕ್ಕರೆಯನ್ನು ಇಳಿಸುತ್ತದೆ. ಹೊಟ್ಟೆಗೆ ಅನ್ನ ಬಿದ್ದರೆ ಸರಿ, ಬೀಳದಿದ್ದರೂ ಅದು ತನ್ನ ಕೆಲಸ ಬಿಡುವುದಿಲ್ಲ. ಸಕ್ಕರೆ ತೀರಾ ಇಳಿದರೆ ಬೆವರು, ನಡುಕ, ತೊದಲು, ಕೊನೆಗೆ ಎಚ್ಚರ ತಪ್ಪುವುದು. ಗ್ಲೂಕೋಸ್ ಏರಿಸಿದರೆ ಏಳದೆ ಏನು ಮಾಡಿಯಾಳು? ಅವಳಿಗೆ ಬೇಕಾಗಿದ್ದದ್ದೇ ಅದು. ಸೊರಬದ ಡಾಕ್ಟರಿಗೆ ಗುಳಿಗೆ ಗೊತ್ತು, ಬೀಳುವುದು ಗೊತ್ತಿಲ್ಲ. ಇಲ್ಲಿಯ ಕ್ಲಿನಿಕ್ಕಿಗೆ ಬೀಳುವುದು ಗೊತ್ತು, ಗುಳಿಗೆ ಗೊತ್ತಿಲ್ಲ. ಎರಡೂ ಚೀಟಿ ಬಂದದ್ದು ನಮ್ಮ ಗಲ್ಲೆಯ ಮೇಲೆ ಮಾತ್ರ, ಎರಡನ್ನೂ ಇಸಿದುಕೊಂಡ ಕೈ ನನ್ನದು ಮಾತ್ರ.

ಒಳಗೆ ಸ್ಟಾಕು ಜೋಡಿಸುತ್ತಿದ್ದ ಯಜಮಾನರಿಗೆ ಹೋಗಿ ಹೇಳಿದೆ. ಶಹಭಾಸ್ ಅಂದಾರು ಎಂದುಕೊಂಡಿದ್ದೆ. ಅವರು ಕವರು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಸೂರ್ಯ, ಅದರ ಕೆಳಗೆ ಗುಳಿಗೆ, ಅದರ ಕೆಳಗೆ ತಟ್ಟೆ.

“ಸೂರ್ಯ ಸೋಮವಾರಾನೂ ಹುಟ್ತಾನೆ,” ಎಂದರು. “ತಟ್ಟೆ ಇಲ್ಲದ ದಿನ ಏನು ಮಾಡ್ಬೇಕು ಅಂತ ಎಲ್ಲಿ ಬರ್ದಿದೀಯ?”

ಬರೆದಿರಲಿಲ್ಲ ಎನ್ನುವುದಷ್ಟೇ ಅಲ್ಲ. ಆ ಅಜ್ಜಿ ಮೊದಲ ಸಲ ಬಂದಾಗ ಅವಳ ಕೈ ಹಿಡಿದು ‘ಅಜ್ಜಿ, ಏನೇ ಆಗ್ಲಿ, ಒಂದು ದಿನಾನೂ ತಪ್ಪಿಸಬಾರ್ದು’ ಎಂದು ಹೇಳಿದವನೂ ನಾನೇ. ಜನ ನಾಲ್ಕು ದಿನ ನುಂಗಿ ಹುಷಾರಾದೆ ಎಂದು ಬಿಟ್ಟುಬಿಡುತ್ತಾರೆ ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ಹೇಳಿದ್ದನ್ನು ಅಕ್ಷರಶಃ ಪಾಲಿಸುವವರೂ ಇರುತ್ತಾರೆ ಎಂದು ಹೊಳೆದಿರಲಿಲ್ಲ.

“ನಾನೂ ನೋಡಿಯೇ ಕೊಟ್ಟಿದೀನಿ. ನನಗೂ ಹೊಳೀಲಿಲ್ಲ,” ಎಂದರು ಯಜಮಾನರು. ಅಷ್ಟು ಹೇಳಿ ಚಪ್ಪಲಿ ಮೆಟ್ಟಿ ಕವರು ಹಿಡಿದುಕೊಂಡು ರಸ್ತೆ ದಾಟಿದರು. ಅವರು ಅಂಗಡಿ ಬಿಟ್ಟು ಕ್ಲಿನಿಕ್ಕಿನ ಒಳಗೆ ಹೋದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಬಾಟಲಿ ಆಗಲೇ ಏರಿತ್ತು. ಈಗ ರಕ್ತ ನೋಡಿದರೆ ಏನೂ ತಿಳಿಯುವುದಿಲ್ಲ ಎಂದರಂತೆ ಅಲ್ಲಿಯ ಡಾಕ್ಟರು. ಆದರೆ ಇದು ಇರಬಹುದು, ಈ ಗುಳಿಗೆಯ ಕಾವು ಬೇಗ ಇಳಿಯುವುದಿಲ್ಲ, ಅಜ್ಜಿ ನಾಳೆಯ ತನಕ ಇಲ್ಲೇ ಇರಲಿ, ಬರೆದುಕೊಟ್ಟ ಸೊರಬದ ಡಾಕ್ಟರನ್ನು ಕಾಣುವವರೆಗೆ ಗುಳಿಗೆ ಬೇಡ ಎಂದರಂತೆ. ಯಜಮಾನರು ವಾಪಸ್ ಬಂದು ನನ್ನ ಕಡೆ ನೋಡಿದರು.

“ಗುಳಿಗೆ ಹೆಂಗೆ ಬದಲಾಯಿಸ್ಬೇಕು ಅಂತ ನಾನು ಹೇಳೋ ಹಾಗಿಲ್ಲ, ನೀನಂತೂ ಮೊದ್ಲೇ ಇಲ್ಲ. ಬರೆದವರೇ ಹೇಳ್ಬೇಕು. ನಾಳೆ ಅವರ ಜೊತೆ ಸೊರಬಕ್ಕೆ ನೀನು ಹೋಗು. ಚಿತ್ರ ಬರೆದೋನು ನೀನು.”

ಮರುದಿನ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಅಜ್ಜಿ, ಮಗ, ನಾನು ಒಂದೇ ಸೀಟಿನಲ್ಲಿ ಕೂತೆವು. ಅಜ್ಜಿ ಹುಷಾರಾಗಿದ್ದಳು. ಕಿಟಕಿಯಿಂದ ಕಂಡವರ ಎಮ್ಮೆಗಳಿಗೆಲ್ಲ ಹೆಸರಿಡುತ್ತಿದ್ದಳು. ಮಗ ಮಾತ್ರ ಮುಖ ಗಂಟು ಹಾಕಿಕೊಂಡಿದ್ದ.

“ಎಲ್ಲೀತನಕ ಓದೀಯಪ್ಪ ನೀನು?” ಎಂದು ಕೇಳಿದ.

“ಏಳನೇ ಕ್ಲಾಸು.”

“ನಾನು ಎಸ್ಸೆಸ್ಸೆಲ್ಸಿ ಫೇಲು. ನಿನಗಿಂತ ಮೂರು ಕ್ಲಾಸು ಹೆಚ್ಚು. ನನಗ ತಿಳೀಲಾರದ್ದು ನಿನಗ ತಿಳೀತಂತ?”

“ನೀವು ಅವ್ವನ ಸಂಚಿ ಬಿಚ್ಚಿ ನೋಡಿದ್ರೆ ನಿಮಗೂ ತಿಳಿತಿತ್ತು ಮಾರಾಯ್ರೆ,” ಎಂದೆ. ಸೊರಬದ ನೆಲ ಹತ್ತಿರ ಬಂದರೆ ನನ್ನ ಬಾಯಿಗೂ ಸ್ವಲ್ಪ ಧೈರ್ಯ ಬರುತ್ತದೆ.

ಅಜ್ಜಿ ಕಿಸಕ್ಕನೆ ನಕ್ಕಳು. ಮಗ ತಿರುಗಿ ಅವಳನ್ನು ತರಾಟೆಗೆ ತೆಗೆದುಕೊಂಡ. “ನಗ್ತಿಯಲ್ಲ ಅವ್ವ, ಸಕ್ಕರಿ ಕಾಯಿಲೆ ಅಂತ ಯಾಕ ಹೇಳ್ಲಿಲ್ಲ ನನಗ? ಮಂಡಿ ನೋವು, ಮಂಡಿ ನೋವು ಅಂದೆ.”

“ಹೇಳಿದ್ರ ನಿನ್ನ ಹೆಂಡ್ತಿ ಹೋಳಿಗಿ ಮುಟ್ಟಗೊಡ್ತಿದ್ಲೇನೋ? ಮಗಳ ಮನಿಗೆ ಹೋದಾಗ ಡಾಕ್ಟ್ರು ಹೇಳಿದ್ದು, ಅಲ್ಲೇ ಇರ್ಲಿ ಅಂತ ಬಿಟ್ಟೆ.”

ಸೊರಬದಲ್ಲಿ ಮಗಳನ್ನು ಕೊಟ್ಟಿದ್ದರು. ವರ್ಷದ ಕೆಳಗೆ ಬಾಣಂತನಕ್ಕೆಂದು ಅಲ್ಲಿ ಹೋಗಿ ನಿಂತಾಗ ಕಾಲಿನ ಗಾಯ ಮಾಯದೆ, ರಕ್ತ ನೋಡಿ, ಸಕ್ಕರೆ ಎಂದು ಡಾಕ್ಟರು ಗುಳಿಗೆ ಬರೆದಿದ್ದರು. ಒಂದು ತಿಂಗಳ ಕೆಳಗೆ ಸಕ್ಕರೆ ಏರಿದೆಯೆಂದು ಗುಳಿಗೆ ಒಂದೂವರೆ ಮಾಡಿದ್ದರು. ಬೀಳುವುದು ಶುರುವಾದದ್ದೂ ಆಗಲೇ. ಅಲ್ಲಿಯ ತನಕ ಸೋಮವಾರ ಸ್ವಲ್ಪ ನಡುಗುತ್ತಿದ್ದದ್ದು, ಈಗ ಬೀಳುವ ಮಟ್ಟಕ್ಕೆ ಬಂದಿತ್ತು.

ಸೊರಬದ ಡಾಕ್ಟರು ವಯಸ್ಸಾದವರು. ಅಜ್ಜಿಯ ಎದೆ, ಬೆನ್ನು, ಕಾಲು ನೋಡಿ, ಕವರನ್ನು ಮೇಜಿನ ಮೇಲಿಟ್ಟು ನನ್ನ ಮಾತು ಪೂರ್ತಿ ಕೇಳಿದರು.

“ಸೋಮವಾರ ಊಟ ಎಷ್ಟೊತ್ತಿಗೆ ಅಮ್ಮ?”

“ದೀಪ ಹಚ್ಚಿದ ಮ್ಯಾಲೆ.”

“ಗುಳಿಗೆ?”

“ಸೂರ್ಯ ಹುಟ್ಟುತ್ಲೂ ನುಂಗತೀನಲ್ರಿ. ಔಷಧಕ್ಕೇನು ಮಡಿ ಇಲ್ಲ ಅಂತ ಸ್ವಾಮಿಗಳನ್ನ ಕೇಳಿಕೊಂಡೇ ನುಂಗತೀನಿ. ಈ ತಮ್ಮ ಹೇಳ್ಯಾನ, ಒಂದಿನಾನೂ ತಪ್ಪಿಸಬ್ಯಾಡ ಅಂತ. ಒಂದಿನ ತಪ್ಪಿಸಿಲ್ಲ.”

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ಒಪ್ಪತ್ತು ಬಿಟ್ಬಿಡಿ ಅಮ್ಮ,” ಎಂದರು.

“ಅದೊಂದು ಹೇಳಬ್ಯಾಡ್ರಿ. ಮದುವಿಯಾಗಿ ಬಂದ ವರ್ಷ ಹಿಡಿದದ್ದು. ನಮ್ಮ ಯಜಮಾನ್ರು ಹೋದ ಸೋಮವಾರಾನೂ ಬಿಟ್ಟಿಲ್ಲ.” ಅಜ್ಜಿ ದನಿ ಎತ್ತಲಿಲ್ಲ. ಆದರೆ ಆ ಮಾತು ಅಲ್ಲಿಗೆ ಮುಗಿಯಿತು ಎಂದು ಎಲ್ಲರಿಗೂ ತಿಳಿಯಿತು.

ಡಾಕ್ಟರು ಹೊಸ ಚೀಟಿ ಎಳೆದುಕೊಂಡರು. “ಹಾಗಾದ್ರೆ ಸೋಮವಾರ ಬೆಳಿಗ್ಗೆ ಗುಳಿಗೆ ಬೇಡ. ಸಂಜೆ ಊಟಕ್ಕೆ ಕೂತಾಗ ಅರ್ಧ, ಸಾಕು. ಉಳಿದ ದಿನ ಒಂದೇ ಗುಳಿಗೆ, ತಿಂಡಿ ತಟ್ಟೆ ಮುಂದೆ ಬಂದ ಮೇಲೆ. ಕೈ ನಡುಗಿತು, ಬೆವರು ಬಂತು ಅಂದ್ರೆ ಒಪ್ಪತ್ತು ಗಿಪ್ಪತ್ತು ನೋಡಬೇಡಿ, ಒಂದು ಮುಷ್ಟಿ ಸಕ್ಕರೆ ನೀರಲ್ಲಿ ಕಲಸಿ ಕುಡೀಬೇಕು. ಅದು ಔಷಧಿ ಲೆಕ್ಕ.”

“ಹಂಗಾದ್ರ ಹಾರ್ಟಿಂದಲ್ಲೇನ್ರಿ?” ಎಂದ ಮಗ.

“ನನಗೆ ಹಾಗೆ ಕಾಣೋದಿಲ್ಲ. ಅಲ್ವೇ ಅಲ್ಲ ಅಂತ ಇವತ್ತೇ ಬರೆದುಕೊಡಲಾರೆ. ಬರೋ ಸೋಮವಾರ ನೋಡಿ. ಬೀಳಲಿಲ್ಲ ಅಂದ್ರೆ ಎಲ್ಲಿಗೂ ಹೋಗೋದು ಬೇಡ, ಹದಿನೈದು ದಿನ ಬಿಟ್ಟು ರಕ್ತ ತೋರಿಸಿ. ಬಿದ್ರೆ ಖಂಡಿತ ಹೋಗಿ.”

ಹೊರಗೆ ಬಂದು ಪಕ್ಕದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು ನಾನು ಹೊಸ ಕವರಿನ ಮೇಲೆ ಬರೆದೆ. ಸೂರ್ಯನನ್ನು ಬರೆಯಲಿಲ್ಲ. ಮೊದಲು ತಟ್ಟೆ, ತಟ್ಟೆಯ ಒಳಗೇ ಗುಳಿಗೆ. ಇನ್ನೊಂದು ಕವರಿನ ಮೇಲೆ ಒಂದು ಲಿಂಗ, ಪಕ್ಕದಲ್ಲಿ ಉರಿಯುವ ದೀಪ, ಅದರ ಕೆಳಗೆ ತಟ್ಟೆ, ಅದರಲ್ಲಿ ಅರ್ಧ ಗುಳಿಗೆ. ಅಜ್ಜಿ ಬೆರಳಿಟ್ಟು ಓದಿದಳು: “ತಟ್ಟಿ ಬಂದ್ರ ಗುಳಿಗಿ. ತಟ್ಟಿ ಇಲ್ಲಂದ್ರ ಗುಳಿಗಿ ಇಲ್ಲ. ಸ್ವಾಮಾರ ದೀಪ ಆದ ಮ್ಯಾಲೆ ಅರ್ಧ.” ಇಂಗ್ಲಿಷ್ ಅಕ್ಷರ ಕೂಡಿಸಿ ಮೊದಲ ಔಷಧಿಯ ಹೆಸರು ಓದಿದಾಗ ನನಗೆ ಆದ ಸಂತೋಷಕ್ಕಿಂತ ಇದು ದೊಡ್ಡದಿತ್ತು.

ಮಗ ಮಾತ್ರ ಬಸ್ಸು ಇಳಿಯುವಾಗ ಖಡಾಖಂಡಿತ ಹೇಳಿದ: “ಎಮ್ಮಿ ಮಾತು ಈಗೇನೂ ಮುರಿಯಂಗಿಲ್ಲ. ಮುಂಗಡ ಇಸಗೊಂಡೀನಿ. ಸ್ವಾಮಾರ ಅವ್ವ ಬಿದ್ಲು ಅಂದ್ರ ಮಂಗಳವಾರ ಎಮ್ಮಿ ಹೋಗ್ತಾವ. ಆಮೇಲೆ ನಿಮ್ಮ ಅಂಗಡಿ ಮುಂದ ಬಂದು ನಿಂತು ಬೈತೀನಿ, ನೋಡು.”

ಮಂಗಳವಾರ ಸಂಜೆಯಿಂದ ಮುಂದಿನ ಸೋಮವಾರದ ತನಕ ನಮ್ಮ ಅಂಗಡಿಯಲ್ಲಿ ಹೊಸ ಪದ್ಧತಿ ಶುರುವಾಯಿತು. ಸಕ್ಕರೆಯ ಗುಳಿಗೆಗೆ ಯಾರೇ ಬರಲಿ, ಗುಳಿಗೆ ಕೊಡುವ ಮೊದಲು ಒಂದು ಪ್ರಶ್ನೆ: ಊಟ ಎಷ್ಟೊತ್ತಿಗೆ, ಯಾವ ದಿನ ಇಲ್ಲ? ಯಜಮಾನರು ಆ ಪ್ರಶ್ನೆಯನ್ನು ನನಗೇ ಬಿಟ್ಟರು. ಜನ ಮೊದಲು ಕಕ್ಕಾಬಿಕ್ಕಿಯಾದರು, ಆಮೇಲೆ ಬಿಚ್ಚಿಕೊಂಡರು. ಶುಕ್ರವಾರ ಬರೀ ಹಾಲು ಕುಡಿಯುವ ಹೆಣ್ಣುಮಕ್ಕಳು ಸಿಕ್ಕರು. ರಂಜಾನಿನಲ್ಲಿ ಬೆಳಗಿನ ಗುಳಿಗೆಯನ್ನು ಏನು ಮಾಡಬೇಕೆಂದು ಯಾರನ್ನೂ ಕೇಳದೆ ಇಡೀ ತಿಂಗಳು ಗುಳಿಗೆಯನ್ನೇ ಬಿಡುತ್ತಿದ್ದ ಟೈಲರ್ ಸಾಹೇಬರೊಬ್ಬರು ಸಿಕ್ಕರು. ಬಳ್ಳಿಗಾವಿಯಿಂದ ಬರುತ್ತಿದ್ದ ಒಬ್ಬ ಹಿರಿಯರಂತೂ ಆರಕ್ಕೆ ಗುಳಿಗೆ ನುಂಗಿ, ಸ್ನಾನ ಪೂಜೆ ಎಲ್ಲ ಮುಗಿಸಿ, ಹನ್ನೊಂದಕ್ಕೆ ತಿಂಡಿಗೆ ಕೂರುತ್ತಿದ್ದರು. “ಪೂಜೆಗೆ ಕೂತಾಗ ಕೈ ನಡುಗ್ತದಪ್ಪ. ಭಕ್ತಿಯಿಂದ ಅಂತ ತಿಳಕೊಂಡಿದ್ದೆ,” ಎಂದರು ಅವರು. ನಾವು ನಗಲಿಲ್ಲ.

ಯಜಮಾನರು ಒಬ್ಬೊಬ್ಬರದನ್ನೂ ಚೀಟಿಯಲ್ಲಿ ಬರೆದು ಅವರವರ ಡಾಕ್ಟರಿಗೆ ಕೊಡಲು ಹೇಳಿ ಕಳಿಸಿದರು. ಒಬ್ಬ ಡಾಕ್ಟರು ‘ನೀವು ಔಷಧಿ ಮಾರಿ ಸಾಕು’ ಎಂದು ಅದೇ ಚೀಟಿಯ ಹಿಂದೆ ಬರೆದು ವಾಪಸ್ ಕಳಿಸಿದರು. ಮೂರ್ನಾಲ್ಕು ಜನ ಡಾಕ್ಟರು ಹೊತ್ತು ಬದಲಾಯಿಸಿ ಕಳಿಸಿದರು. ನಾನು ಕವರಿನ ಮೇಲೆ ಹೊಸ ಹೊಸ ಚಿತ್ರ ಬರೆದೆ. ಚಂದ್ರನ ಪಕ್ಕ ನಕ್ಷತ್ರ ಬರೆದರೆ ಟೈಲರ್ ಸಾಹೇಬರು “ಇದು ಸರಿ ನೋಡು” ಎಂದು ತಲೆಯಾಡಿಸಿದರು.

ಆಗ ನನಗೆ ಇನ್ನೊಂದು ಹೊಳೆಯಿತು. ಶಿವಮೊಗ್ಗದಿಂದ ಗ್ಲೂಕೋಸ್ ಬಾಟಲಿಯ ಪೆಟ್ಟಿಗೆ ತರಿಸುತ್ತಿದ್ದವನು ನಾನೇ. ಸೋಮವಾರ ಸಂಜೆಗೆ ಪೆಟ್ಟಿಗೆ ಖಾಲಿಯಾಗುವುದನ್ನು ವರ್ಷಗಟ್ಟಲೆ ನೋಡಿದ್ದೆ. ವಾರದ ಮೊದಲ ದಿನ, ಜನ ಜಾಸ್ತಿ ಎಂದುಕೊಂಡು ಭಾನುವಾರವೇ ಎರಡು ಪೆಟ್ಟಿಗೆ ಮುಂದೆ ಇಡುತ್ತಿದ್ದೆ. ಎಷ್ಟು ಮನೆಯವರು, ಎಷ್ಟು ಸೋಮವಾರ, ಟೆಂಪೋ ಬಾಡಿಗೆ, ಬಾಟಲಿ, ಕೂಲಿ ತಪ್ಪಿದ ದಿನ! ಒಂದು ತುತ್ತಿನ ಜೊತೆ ನುಂಗಿದ್ದರೆ ಆಗುತ್ತಿದ್ದ ಕೆಲಸ. ಯಜಮಾನರಿಗೆ ಹೇಳಿದೆ. ಬಾಟಲಿಯಿಂದ ಅಂಗಡಿಗೆ ಒಳ್ಳೆಯ ಲಾಭವಿತ್ತು, ಅದೂ ಹೇಳಿದೆ.

“ಈ ವಾರ ಒಂದೇ ಪೆಟ್ಟಿಗೆ ತರಿಸು,” ಎಂದರು. ಅಷ್ಟೇ ಮಾತು.

ಸೋಮವಾರ ಬಂತು. ಬೆಳಿಗ್ಗೆಯಿಂದ ನನ್ನ ಕಣ್ಣು ಎದುರಿನ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ. ಟೆಂಪೋ ನಿಂತರೆ ಗಲ್ಲೆಯಿಂದ ಬಗ್ಗಿ ನೋಡುತ್ತಿದ್ದೆ. ಹನ್ನೆರಡಾಯಿತು, ಒಂದಾಯಿತು. ಒಂದು ಕೆಮ್ಮಿನ ಔಷಧಿಗೆ ಬೇರೆ ಔಷಧಿ ತೆಗೆದಿಟ್ಟು ಯಜಮಾನರಿಂದ ಬೈಸಿಕೊಂಡೆ.

“ಆ ಕಡೆ ನೋಡ್ಬೇಡ. ಈ ಕಡೆ ನೋಡು. ಈ ಕಡೆಯೋರೂ ಮನುಷ್ಯರೇ,” ಎಂದರು. ಆದರೆ ಮೂರು ಗಂಟೆಗೆ ಅವರೂ ಗಲ್ಲೆಯ ಹತ್ತಿರ ಬಂದು ಕನ್ನಡಕ ಒರೆಸುತ್ತ ರಸ್ತೆ ನೋಡಿದ್ದನ್ನು ನಾನು ಕಂಡೆ.

ಮೂರೂವರೆಗೆ ಒಬ್ಬ ಕ್ಲಿನಿಕ್ಕಿನ ಚೀಟಿ ಹಿಡಿದು ಓಡಿ ಬಂದ. ಗ್ಲೂಕೋಸ್ ಬಾಟಲಿ ಒಂದು.

“ಯಾರಿಗೆ? ಯಾವೂರು?”

“ನಮ್ಮ ತಂಗಿಗ್ರಿ. ವಾಂತಿ ಭೇದಿ. ಇಲ್ಲೇ ಪ್ಯಾಟಿಯೋರು.”

ಬೇರೆಯವರ ಮನೆಯ ವಾಂತಿ ಭೇದಿ ಕೇಳಿ ಹಗುರಾದದ್ದು ಒಳ್ಳೆಯದಲ್ಲ, ಆದರೂ ಹಗುರಾದೆ. ಆ ದಿನ ಅಂಜನಾಪುರದ ಕಡೆಯಿಂದ ಯಾರೂ ಬರಲಿಲ್ಲ. ಬರಲಿಲ್ಲ ಎಂದರೆ ಬೀಳಲಿಲ್ಲ ಎಂದೇ, ಅಥವಾ ನಮ್ಮ ಮೇಲೆ ಸಿಟ್ಟಾಗಿ ಬೇರೆ ಕಡೆ ಒಯ್ದರೇ? ಷಟರ್ ಎಳೆಯುವ ತನಕವೂ ತಿಳಿಯಲಿಲ್ಲ.

ಮಂಗಳವಾರ ಮಧ್ಯಾಹ್ನ ಊಟದ ಹೊತ್ತು. ಅಂಗಡಿಯ ಮುಂದೆ ಕೈಯಲ್ಲಿ ಬೆತ್ತ, ಹೆಗಲ ಮೇಲೆ ಟವೆಲು, ಕೆಂಪಗಿನ ಮುಖದ ದಪ್ಪ ಮನುಷ್ಯನೊಬ್ಬ ಬಂದು ನಿಂತ. ಗಿರಾಕಿಗಳನ್ನು ಸರಿಸಿ ಗಲ್ಲೆಗೆ ಬೆತ್ತ ಬಡಿದ.

“ಸೂರ್ಯನ ಬರೆಯೋನು ಯಾವನಲೇ ಇಲ್ಲಿ?”

“ನಾನೇ. ಏನಾಗ್ಬೇಕಿತ್ತು?”

“ಏನಾಗ್ಬೇಕು? ನನ್ನ ವ್ಯಾಪಾರ ಹಾಳಾಗಬೇಕಿತ್ತು, ಆತು! ಎರಡು ಎಮ್ಮಿ, ಒಳ್ಳೇ ಎಮ್ಮಿ, ಮುಂಗಡ ಕೊಟ್ಟೀನಿ, ಲಾರಿ ಮಾಡಿಸ್ಕೊಂಡು ಹೋಗೀನಿ. ಹೋದ್ರ ಆ ಮುದುಕಿ ಕೊಟ್ಟಿಗಿ ಬಾಗಿಲಿಗೆ ಅಡ್ಡ ನಿಂತಾಳ! ‘ನಿನ್ನೆ ನಾನು ಬಿದ್ದಿಲ್ಲ, ಕೆರಿಗೆ ಹೋಗಿ ನಾನೇ ಇವುಗಳ ಮೈ ತೊಳೆದೀನಿ, ಎಮ್ಮಿ ಕೊಡಂಗಿಲ್ಲ, ಹೋಗು’ ಅಂತಾಳ. ಮಗ ಹಲ್ಲು ಕಿರಿಕೊಂಡು ಮುಂಗಡ ವಾಪಸ್ ಕೈಗಿಟ್ಟ. ‘ಮೆಡಿಕಲ್ ಅಂಗಡೀಲಿ ಸೂರ್ಯನ ಬರೆಯೋ ತಮ್ಮ ಹೇಳ್ಯಾನ’ ಅಂತ!”

ನನಗೆ ಅವನ ಬೈಗುಳದ ಮುಂದಿನ ಮಾತುಗಳು ಕೇಳಿಸಲಿಲ್ಲ. ಬಿದ್ದಿಲ್ಲ. ಮೈ ತೊಳೆದಳಂತೆ. ಅವನು ಕೈಬೀಸಿ ಬೈಯುತ್ತಲೇ ಇದ್ದ, ನಾನು ಅವನ ಮುಂದೆ ನಿಂತು ನಗುತ್ತಿದ್ದೆನಂತೆ. ಪಕ್ಕದ ಸೈಕಲ್ ಶಾಪಿನವರು ಆಮೇಲೆ ಹೇಳಿದ್ದು.

ಬೈದು ಮುಗಿದ ಮೇಲೆ ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಬರೀ ಬಿಸಿಲಿಗೆ ಮುಖ ಅಷ್ಟು ಬೆವರುವುದಿಲ್ಲ. ಬೆತ್ತ ಹಿಡಿದ ಕೈ ನೋಡಿದೆ.

“ಅಣ್ಣಾ, ನಿಮಗೂ ಸಕ್ಕರೆ ಅದೆಯಾ?” ಎಂದೆ.

ಅವನು ದನಿ ಇಳಿಸಿದ. “ಐತಿ. ಯಾರಿಗೂ ಹೇಳಂಗಿಲ್ಲ. ವ್ಯಾಪಾರದೋನಿಗೆ ಕಾಯಿಲೆ ಐತಿ ಅಂತ ತಿಳಿದ್ರ ರೇಟು ಬೀಳ್ತೈತಿ.”

“ಬೆಳಿಗ್ಗೆ ಗುಳಿಗೆ ನುಂಗಿದ್ರಾ?”

“ನಸುಕಿನಾಗ ಮನಿ ಬಿಡೋ ಮುಂದ ನುಂಗೀನಿ.”

“ತಿಂಡಿ?”

“ಎಲ್ಲಿ ತಿಂಡಿ? ಎಮ್ಮಿ ವ್ಯಾಪಾರ ಮುಗೀಲಿ, ಆ ಲಾಭದಾಗ ಉಣ್ಣೋಣ ಅಂತಿದ್ದೆ. ಆ ಮುದುಕಿ...”

ಯಜಮಾನರು ಆಗಲೇ ಒಳಗಿನಿಂದ ಲೋಟದಲ್ಲಿ ಸಕ್ಕರೆ ನೀರು ತಂದಿದ್ದರು. ದಲ್ಲಾಳಿ ಒಂದೇ ಉಸಿರಿಗೆ ಕುಡಿದ. ಸ್ವಲ್ಪ ಹೊತ್ತಿನಲ್ಲಿ ಮುಖದ ಬಣ್ಣ ತಿರುಗಿತು. ಪಕ್ಕದ ಹೋಟೆಲಿನಿಂದ ಇಡ್ಲಿ ತರಿಸಿದೆವು. ಅವನು ತಿನ್ನುತ್ತ ತಿನ್ನುತ್ತ ಮತ್ತೆ ನನ್ನನ್ನು ಬೈದ, ಆದರೆ ಈ ಸಲ ಬಾಯಿ ತುಂಬಿಕೊಂಡಿದ್ದರಿಂದ ಅದು ಅಷ್ಟು ಗಟ್ಟಿಯಾಗಿ ಬರಲಿಲ್ಲ. ಚೀಟಿ ಜೇಬಿನಿಂದ ತೆಗೆದು ಯಜಮಾನರ ಕಡೆ ಚಾಚಿದ.

“ಸಾರ್, ನೀವು ಓದಿದೋರು. ನನಗ ಹೆಂಗ ನುಂಗಬೇಕು ಅಂತ ನೀವೇ ಹೇಳ್ರಿ.”

ಯಜಮಾನರು ಚೀಟಿ ಓದಿದರು, ಎರಡು ಸಲ. ಆಮೇಲೆ ಅದನ್ನು ನನ್ನ ಕಡೆ ತಳ್ಳಿದರು.

“ನಿಮ್ಮ ಡಾಕ್ಟ್ರಿಗೆ ಒಂದು ಕಾಗದ ನಾನು ಬರೆದುಕೊಡ್ತೀನಿ. ಅದಕ್ಕೆ ಮೊದ್ಲು ಇವರು ನಿಮ್ಮನ್ನ ಕೇಳೋದು ಕೇಳ್ಲಿ. ನಮ್ಮ ಅಂಗಡೀಲಿ ಇದು ಇವರ ಕೆಲಸ.”

ಹನ್ನೆರಡು ವರ್ಷದಲ್ಲಿ ಅವರು ನನ್ನನ್ನು ‘ಇವರು’ ಎಂದದ್ದು ಅದೊಂದೇ ಸಲ. ನಾನು ಪೆನ್ನು ತೆಗೆದುಕೊಂಡು ದಲ್ಲಾಳಿಯ ಎದುರು ನಿಂತು, ದಿನಾ ಊಟ ಎಷ್ಟೊತ್ತಿಗೆ ಮಾಡ್ತೀರಿ ಅಣ್ಣಾ ಎಂದು ಕೇಳಿದೆ.